ಸಂಶೋಧಕರ ಸಹಯೋಗ ಜಾಲಕ್ಕೆ ಬರಾಬಾಸಿ–ಆಲ್ಬರ್ಟ್ ಮಾದರಿ ಸಾಕಾ?

ಮಂಡ್ಯದಲ್ಲಿ ಎಂ.ಎಸ್ಸಿ. ಗಣಿತ ಓದುತ್ತಿದ್ದೀರಿ. ಮೈಸೂರಿನ ಸಂಶೋಧಕರಲ್ಲಿ ಯಾರು ಯಾರ ಜೊತೆ ಪೇಪರ್ ಬರೆದಿದ್ದಾರೆ ಅಂತ ಜಾಲ ಕಟ್ಟಿ, ಜಾಲ ಹೇಗೆ ಬೆಳೆಯುತ್ತದೆ ಅಂತ ಹೇಳುವ ಬರಾಬಾಸಿ–ಆಲ್ಬರ್ಟ್ ಮಾದರಿಯನ್ನು ಅದಕ್ಕೆ ಹೊಂದಿಸಿದರೆ ಪ್ರಾಜೆಕ್ಟ್‌ಗೆ ಸಾಕಾ ಅಂತ ಕೇಳಿದ್ದೀರಿ. ಸಾಲದು.

ಮಾನಸಗಂಗೋತ್ರಿಯಲ್ಲಿ ಓದುವಾಗ ನಾನೂ ಇದನ್ನೇ ಮಾಡಿದ್ದೆ. ಒಬ್ಬೊಬ್ಬರಿಗೆ ಒಂದು ಚುಕ್ಕಿ, ಜೊತೆಗೆ ಬರೆದವರ ನಡುವೆ ಗೆರೆ. ತ್ರಿಕೋನಗಳು ರಾಶಿ ಬಿದ್ದವು. ಎಷ್ಟು ಒಗ್ಗಟ್ಟು ಇವರದ್ದು ಅನ್ನಿಸಿತು. ಆದರೆ ರಾಗಿ ಬಗ್ಗೆ ಆರು ಜನ ಬರೆದ ಒಂದೇ ಒಂದು ಪೇಪರ್ 15 ಗೆರೆ, 20 ತ್ರಿಕೋನ ತರುತ್ತದೆ. ಅದು ಎಣಿಕೆಯ ಫಲ, ಒಗ್ಗಟ್ಟಿನದ್ದಲ್ಲ.

ಅದಕ್ಕೇ ಎರಡು ಬಗೆಯ ಚುಕ್ಕಿ ಇಡಿ. ಒಂದು ಕಡೆ ಲೇಖಕರು, ಇನ್ನೊಂದು ಕಡೆ ಪೇಪರ್‌ಗಳು. ಗೆರೆ ಲೇಖಕರಿಂದ ಪೇಪರ್‌ಗೆ ಮಾತ್ರ. ಇದೇ ಬೈಪಾರ್ಟೈಟ್ ಗ್ರಾಫ್. ಒಬ್ಬೊಬ್ಬರು ಬರೆದ ಪೇಪರ್ ಎಷ್ಟು, ಒಂದೊಂದು ಪೇಪರ್‌ಗೆ ಲೇಖಕರು ಎಷ್ಟು ಎಂಬುದನ್ನು ಹಾಗೇ ಉಳಿಸಿಕೊಂಡು, ಗೆರೆಗಳನ್ನಷ್ಟೇ ನೂರಾರು ಸಲ ಅದಲು ಬದಲು ಮಾಡಿ. ಪ್ರತಿ ಸಲವೂ ಜೊತೆಗೆ ಬರೆದವರ ನಡುವೆ ಗೆರೆ ಎಳೆದು ತ್ರಿಕೋನ ಎಣಿಸಿ. ಅಲ್ಲಿ ಸಿಗುವುದಕ್ಕಿಂತ ನಿಮ್ಮ ಜಾಲದಲ್ಲಿ ತ್ರಿಕೋನ ಜಾಸ್ತಿ ಇದ್ದರೆ ಆಗ ಏನೋ ಇದೆ ಅನ್ನಬಹುದು. ಲೇಖಕರ ನಡುವಿನ ಗೆರೆಗೆ, ಅವರ ನಂಟು ಎಷ್ಟು ಗಟ್ಟಿ ಅಂತ ತೋರಿಸುವ ತೂಕ ಬೇಕಾದರೆ ಜಾಲಗಳನ್ನು ಅಧ್ಯಯನ ಮಾಡುವ ಭೌತವಿಜ್ಞಾನಿ ಮಾರ್ಕ್ ನ್ಯೂಮನ್ ದಾರಿ ಚೆನ್ನಾಗಿದೆ: n ಜನರ ಪೇಪರ್‌ನಲ್ಲಿ ಪ್ರತಿ ಜೋಡಿಗೆ 1/(n−1). ಆರು ಜನರಾದರೆ 1/5.

1999ರ ಬರಾಬಾಸಿ–ಆಲ್ಬರ್ಟ್ ಮಾದರಿಯಲ್ಲಿ ಹೊಸಬರು ಬಂದಾಗ ಮಾತ್ರ ಗೆರೆ ಹುಟ್ಟುತ್ತದೆ, ಅದೂ ಹೆಚ್ಚು ಗೆರೆ ಇರುವವರ ಕಡೆಗೇ ಹೆಚ್ಚು. ಆದರೆ ಹಳಬರೂ ತಮ್ಮತಮ್ಮಲ್ಲೇ ಹೊಸದಾಗಿ ಜೊತೆಯಾಗುತ್ತಾರೆ ಅಲ್ವಾ? 2002ರಲ್ಲಿ ಬರಾಬಾಸಿ ತಂಡವೇ ಅದನ್ನು ಸೇರಿಸಿಕೊಂಡಿತು.

ಎಲ್ಲಕ್ಕಿಂತ ಜಾಸ್ತಿ ಹೊತ್ತು ಹೆಸರಿಗೆ ಕೊಡಿ. ನಮ್ಮ ಕಡೆ ಇನಿಷಿಯಲ್ ಅಂದರೆ ಊರು, ಅಪ್ಪನ ಹೆಸರು. ಎಂ. ಅಂದರೆ ಮಂಡ್ಯವೋ, ಮದ್ದೂರೋ, ಮಳವಳ್ಳಿಯೋ? ಎಂ.ಎಸ್. ಮಂಜುನಾಥ್, ಮಂಜುನಾಥ ಎಂ.ಎಸ್. ಒಬ್ಬರೇ ಇರಬಹುದು, ಇಬ್ಬರೂ ಇರಬಹುದು. ಇಬ್ಬರನ್ನು ಒಬ್ಬರು ಮಾಡಿಬಿಟ್ಟರೆ ಜಾಲದಲ್ಲಿ ಇಲ್ಲದ ಅಡ್ಡದಾರಿ ಹುಟ್ಟುತ್ತದೆ, ಒಬ್ಬರಿಂದ ಇನ್ನೊಬ್ಬರಿಗೆ ಎಷ್ಟು ಗೆರೆ ದಾಟಬೇಕು ಎಂಬ ದೂರಗಳೆಲ್ಲ ಸುಮ್ನೆ ಕುಗ್ಗುತ್ತವೆ. ನ್ಯೂಮನ್ 2001ರಲ್ಲಿ ವೈದ್ಯಕೀಯ ಪೇಪರ್‌ಗಳ ಪಟ್ಟಿಯಾದ ಮೆಡ್‌ಲೈನ್‌ನ ಸುಮಾರು 15 ಲಕ್ಷ ಲೇಖಕರ ಜಾಲದಲ್ಲಿ ಸರಾಸರಿ ದೂರ 4.6 ಹೆಜ್ಜೆ ಅಂತ ಕಂಡರು. ಅವರೂ ಪೂರ್ತಿ ಇನಿಷಿಯಲ್ ಇಟ್ಟು ಒಂದು ಸಲ, ಮೊದಲ ಇನಿಷಿಯಲ್ ಮಾತ್ರ ಇಟ್ಟು ಇನ್ನೊಂದು ಸಲ ಲೇಖಕರನ್ನು ಎಣಿಸಿದರು. ನೀವೂ ಹಾಗೇ ಮಾಡಿ, ಎರಡೂ ಅಂಕಿ ವರದಿಯಲ್ಲಿ ಕೊಡಿ.