ರಾಜ್ಯಶಾಸ್ತ್ರ ಸರಿ, ಜೊತೆಗೆ ಏನು? ಆಪ್ತಸಲಹೆಗೆ ಬಂದ ಒಂದು ಪ್ರಕರಣ

(ಗುರುತು ಸಿಗಬಾರದೆಂದು ಹೆಸರು ಮತ್ತು ಕೆಲವು ವಿವರಗಳನ್ನು ಬದಲಾಯಿಸಿದ್ದೇನೆ.)

ರಾಮನಗರದ ಕಡೆಯ ಹುಡುಗಿ. ಕಾವ್ಯ ಎಂದಿಟ್ಟುಕೊಳ್ಳೋಣ. ಕನ್ನಡ ಮಾಧ್ಯಮ, ಪಿಯುಸಿಯಲ್ಲಿ ಎಚ್‌ಇಪಿಎಸ್, ಅಂದರೆ ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ. ಮನೆಯಲ್ಲಿ ರೇಷ್ಮೆ ಹುಳು ಸಾಕುತ್ತಾರೆ. ಅಪ್ಪ ಮತ್ತು ಸೋದರಮಾವನ ಜೊತೆ ಬಂದಿದ್ದಳು. ಬಿಎ ಮಾಡುವುದು, ಅದರಲ್ಲಿ ರಾಜ್ಯಶಾಸ್ತ್ರ ಇರಬೇಕು ಎನ್ನುವುದು ಮನೆಯಲ್ಲಿ ಆಗಲೇ ತೀರ್ಮಾನವಾಗಿತ್ತು. ಜಗಳ ಇದ್ದದ್ದು ಉಳಿದ ವಿಷಯಗಳ ಬಗ್ಗೆ.

ಅವಳು ಸೇರಬೇಕೆಂದಿದ್ದ ಕಾಲೇಜಿನಲ್ಲಿ ಮೂರು ಕಾಂಬಿನೇಷನ್ ಇದ್ದವು. ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ. ಇತಿಹಾಸ, ಸಮಾಜಶಾಸ್ತ್ರ, ರಾಜ್ಯಶಾಸ್ತ್ರ. ಇನ್ನೊಂದು ಪತ್ರಿಕೋದ್ಯಮ ಇರುವುದು. ಮಾವನಿಗೆ ಮೊದಲನೆಯದೇ ಆಗಬೇಕು, ಏಕೆಂದರೆ 'ಐಎಎಸ್‌ಗೆ ಎಲ್ಲರೂ ಎಚ್‌ಇಪಿ ತಗೊಳ್ತಾರೆ'. ಅಪ್ಪನಿಗೆ ಲಾಯರ್ ಆದರೆ ಸಾಕು. ಕಾವ್ಯಗೆ ಸಮಾಜಶಾಸ್ತ್ರ ಸಾಕು ಅನಿಸಿತ್ತು. ಕಾರಣ ಕೇಳಿದೆ. "ಮಾರ್ಕ್ಸ್ ಜಾಸ್ತಿ ಬರುತ್ತೆ ಮೇಡಂ, ಗ್ರಾಫ್ ಇರಲ್ಲ" ಎಂದಳು.

ಮಾವನ ಮಾತನ್ನು ಮೊದಲು ಬದಿಗಿಟ್ಟೆವು. ಯುಪಿಎಸ್‌ಸಿಗೆ ಯಾವ ಪದವಿಯಾದರೂ ಆಗುತ್ತದೆ. ಮುಖ್ಯ ಪರೀಕ್ಷೆಯ 1750 ಅಂಕಗಳಲ್ಲಿ ಐಚ್ಛಿಕ ವಿಷಯದ ಪಾಲು 500. ಆ ವಿಷಯವನ್ನು ಪದವಿಯಲ್ಲಿ ಓದಿರಲೇಬೇಕು ಅಂತ ಸಾಮಾನ್ಯವಾಗಿ ಇಲ್ಲ. ಎಂಜಿನಿಯರಿಂಗ್ ಓದಿದವರು ರಾಜ್ಯಶಾಸ್ತ್ರವನ್ನು ಐಚ್ಛಿಕವಾಗಿ ತೆಗೆದುಕೊಂಡು ಪಾಸಾಗುತ್ತಾರೆ. ಹದಿನೆಂಟನೇ ವಯಸ್ಸಿನಲ್ಲಿ, ಯಾವಾಗಲೋ ಬರೆಯಬಹುದಾದ ಪರೀಕ್ಷೆಗಾಗಿ ಮೂರು ವರ್ಷದ ಓದನ್ನು ಹೊಂದಿಸುವುದು ನನಗೆ ಸರಿ ಕಾಣುವುದಿಲ್ಲ. ಮಾವನಿಗೆ ಇದು ಹಿಡಿಸಲಿಲ್ಲ. ಇರಲಿ.

ಅಪ್ಪನ ಆಸೆ ಇನ್ನೂ ಸುಲಭ. ಬಿಎ ಮುಗಿಸಿಯೂ ಮೂರು ವರ್ಷದ ಎಲ್‌ಎಲ್‌ಬಿ ಮಾಡಬಹುದು. ಸಾಮಾನ್ಯ ವರ್ಗಕ್ಕೆ ಪದವಿಯಲ್ಲಿ 45 ಶೇಕಡಾ ಅಂಕ ಸಾಕು, ಮೀಸಲಾತಿ ಇರುವವರಿಗೆ ಅದಕ್ಕಿಂತ ಕಡಿಮೆ. ಯಾವ ಕಾಂಬಿನೇಷನ್ ತೆಗೆದುಕೊಂಡರೂ ಆ ದಾರಿ ಮುಚ್ಚುವುದಿಲ್ಲ.

ಇಬ್ಬರನ್ನೂ ಹೊರಗೆ ಕೂರಿಸಿ ಕಾವ್ಯಳ ಜೊತೆ ಮಾತಾಡಿದೆ. ರಾಜ್ಯಶಾಸ್ತ್ರದಲ್ಲಿ ಏನು ಇಷ್ಟ ಎಂದರೆ ಪುಸ್ತಕದ ಉತ್ತರ ಬಂತು: ಸಂವಿಧಾನ, ಮೂಲಭೂತ ಹಕ್ಕು. ಮನೆಯ ಕಡೆ ಮಾತು ತಿರುಗಿಸಿದೆ. ಆಗ ಹುಡುಗಿ ಬೇರೆಯೇ ಆದಳು. ಗೂಡಿನ ಮಾರ್ಕೆಟ್‌ಗೆ ಅಪ್ಪನ ಜೊತೆ ಹೋಗಿ ಬರುತ್ತಾಳೆ. "ಇವತ್ತು ಒಂದು ರೇಟು, ನಾಳೆ ಒಂದು ರೇಟು. ಒಳ್ಳೆ ಗೂಡು ತಂದವರೂ ಬೈಕೊಂಡು ಹೋಗ್ತಾರೆ. ಈ ರೇಟು ಯಾರು ಮಾಡ್ತಾರೆ ಮೇಡಂ?" ಚೀನಾ ರೇಷ್ಮೆಯ ಸುಂಕ ಇಳಿಸಿದ ವರ್ಷ ಗೂಡಿನ ಬೆಲೆ ಬಿದ್ದ ಕಥೆಯನ್ನು ಅಪ್ಪ ಹೇಳುತ್ತಿರುತ್ತಾರಂತೆ. ಅದು 2011. ಕೇಂದ್ರದ ಬಜೆಟ್‌ನಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು 30 ಶೇಕಡಾದಿಂದ 5ಕ್ಕೆ ಇಳಿಸಿದ್ದರು.

ನನ್ನ ಸಲಹೆ ನಿಂತದ್ದು ಈ ಪ್ರಶ್ನೆಯ ಮೇಲೆ. ಸುಂಕ ಇಳಿಸುವ ಅಧಿಕಾರ ಯಾರದು? ಸಂವಿಧಾನದ ಕೇಂದ್ರ ಪಟ್ಟಿಯಲ್ಲಿದೆ, ಅಂದರೆ ಕೇಂದ್ರದ್ದು; ರಾಜ್ಯ ಸರ್ಕಾರ ಮನವಿ ಕೊಡಬಹುದು ಅಷ್ಟೇ. ಅಗ್ಗದ ನೂಲು ಬೇಕೆಂದವರ ಮಾತು ದೆಹಲಿಗೆ ಹೇಗೆ ತಲುಪಿತು, ಬೆಳೆಗಾರರ ಮಾತು ಏಕೆ ತಡವಾಯಿತು? ಇಲ್ಲಿಯವರೆಗೆ ರಾಜ್ಯಶಾಸ್ತ್ರ ಕೈಹಿಡಿಯುತ್ತದೆ. ಆದರೆ ಸುಂಕ ಇಳಿದರೆ ಗೂಡಿನ ಬೆಲೆ ಎಷ್ಟು ಬೀಳುತ್ತದೆ, ನಷ್ಟ ಗೂಡಿನಿಂದ ನೂಲು ತೆಗೆಯುವ ರೀಲರ್‌ಗೆ ಎಷ್ಟು, ರೈತನಿಗೆ ಎಷ್ಟು, ಸೀರೆ ಕೊಳ್ಳುವವರಿಗೆ ಏನಾದರೂ ಉಳಿಯಿತಾ ಎಂದು ಲೆಕ್ಕ ಹಾಕಲು ಅರ್ಥಶಾಸ್ತ್ರವೇ ಬೇಕು. ಅವಳು ಬಿಡಬೇಕೆಂದಿದ್ದ ವಿಷಯವೇ ಅವಳ ಪ್ರಶ್ನೆಗೆ ಬೇಕಾಗಿತ್ತು.

ಆದರೂ ಸುಮ್ನೆ ಹೇಳಿಬಿಟ್ಟರೆ ಭಯ ಹೋಗುವುದಿಲ್ಲ. ಒಂದು ಕೆಲಸ ಕೊಟ್ಟೆ. ಹಣಕಾಸು ಆಯೋಗದ ಶಿಫಾರಸಿನಂತೆ ಕೇಂದ್ರ ರಾಜ್ಯಗಳಿಗೆ ಹಂಚುವ ತೆರಿಗೆಯಲ್ಲಿ ಕರ್ನಾಟಕದ ಪಾಲು 14ನೇ ಆಯೋಗದಲ್ಲಿ 4.713 ಶೇಕಡಾ ಇತ್ತು. 15ನೇ ಆಯೋಗದಲ್ಲಿ 3.647ಕ್ಕೆ ಇಳಿಯಿತು. ಏಕೆ ಅಂತ ಹುಡುಕಿ, ಎರಡು ಪುಟ ಬರೆದುಕೊಂಡು ಬಾ. ಅಂಕಿಗೆ ಹೆದರಿ ದೂರ ಹೋಗುತ್ತಾಳಾ, ಒಳಗೆ ಇಳಿಯುತ್ತಾಳಾ ಎಂದು ನೋಡಬೇಕಿತ್ತು.

ಬಂದಳು. ಮೊದಲ ಪುಟ ಹಣಕಾಸು ಆಯೋಗದ ಕುರಿತ ಸಂವಿಧಾನದ 280ನೇ ವಿಧಿಯ ಬಗ್ಗೆ, ಅಂದವಾಗಿ, ಬಾಯಿಪಾಠದ ಹಾಗೆ. ಎರಡನೇ ಪುಟದಲ್ಲಿ ಸ್ಕೇಲ್ ಇಟ್ಟು ಗೆರೆ ಎಳೆದ ಕೋಷ್ಟಕ. 1971ರ ಜನಸಂಖ್ಯೆ ಬಿಟ್ಟು 2011ರದ್ದು ಹಿಡಿದದ್ದು, ತಲಾ ಆದಾಯ ಹೆಚ್ಚಿರುವ ರಾಜ್ಯಕ್ಕೆ ಕಡಿಮೆ ಸಿಗುವ ಅಳತೆಗೆ 45 ಶೇಕಡಾ ತೂಕ ಕೊಟ್ಟದ್ದು, ಎಲ್ಲಾ ಇತ್ತು. ಕೊನೆಯಲ್ಲಿ ಅವಳದೇ ಒಂದು ಪ್ರಶ್ನೆ: ಬೆಂಗಳೂರಿನ ಆದಾಯ ಸೇರಿಸಿ ತಲಾ ಲೆಕ್ಕ ಹಾಕಿದರೆ ನಮ್ಮೂರೂ ಶ್ರೀಮಂತ ಆಗಿಬಿಡುತ್ತೆ ಅಲ್ವಾ? ಗಣಿತ ಬರುವುದಿಲ್ಲ ಎನ್ನುವ ಹುಡುಗಿಯ ಪ್ರಶ್ನೆ ಅದು!

ಎಲ್ಲರನ್ನೂ ಮತ್ತೆ ಕೂರಿಸಿ ಎಚ್‌ಇಪಿ ಎಂದೆ. ಮಾವ ಗೆದ್ದವರಂತೆ ನಕ್ಕರು. ಕಾರಣ ಮಾತ್ರ ಬೇರೆ. ಪದವಿಯಲ್ಲಿ ಬಿಟ್ಟರೆ ಆಮೇಲೆ ಸೇರಿಸಿಕೊಳ್ಳಲು ಯಾವುದು ಕಷ್ಟವೋ ಅದನ್ನು ಮೊದಲು ಹಿಡಿಯಬೇಕು. ರಾಜ್ಯಶಾಸ್ತ್ರದ ಎಂಎಗೆ ದೆಹಲಿಯ ಜೆಎನ್‌ಯು ವಿಶ್ವವಿದ್ಯಾಲಯದಂಥ ಕಡೆ ಬೇರೆ ವಿಷಯದ ಪದವೀಧರರೂ ಹೋಗಬಹುದು. ಅರ್ಥಶಾಸ್ತ್ರ ಹಾಗಲ್ಲ. ಪದವಿಯಲ್ಲಿ ಓದದವರಿಗೆ ಎಂಎ ಸೀಟು ನಮ್ಮಲ್ಲಿ ಬಹಳ ಕಡೆ ಸಿಗುವುದಿಲ್ಲ, ಸಿಕ್ಕರೂ ತಡಕಾಡುತ್ತಾರೆ. ಸಮಾಜಶಾಸ್ತ್ರ ಕೀಳು ಅಂತ ಅಲ್ಲ. ಅವಳ ಪ್ರಶ್ನೆ ಜಾತಿ, ಮದುವೆ, ವಲಸೆಯ ಕಡೆ ಇದ್ದಿದ್ದರೆ ಅದನ್ನೇ ಹೇಳುತ್ತಿದ್ದೆ. ಪತ್ರಿಕೋದ್ಯಮವನ್ನು ಡಿಪ್ಲೊಮಾ ಮಾಡಿಯೋ ಕೆಲಸ ಮಾಡುತ್ತಲೋ ಕಲಿಯಬಹುದು.

ಸೇರುವ ಮೊದಲು ಕಾಲೇಜಿಗೆ ಹೋಗಿ ಅರ್ಥಶಾಸ್ತ್ರಕ್ಕೆ ಕಾಯಂ ಅಧ್ಯಾಪಕರು ಇದ್ದಾರಾ, ಅತಿಥಿ ಉಪನ್ಯಾಸಕರೇ ನಡೆಸುತ್ತಿದ್ದಾರಾ, ಪಾಠ ಯಾವಾಗ ಶುರುವಾಗುತ್ತದೆ ಎಂದು ಹಿರಿಯ ವಿದ್ಯಾರ್ಥಿಗಳನ್ನು ಕೇಳಲು ಹೇಳಿದೆ. ಪ್ರಾಸ್ಪೆಕ್ಟಸ್ ಇದನ್ನು ಹೇಳುವುದಿಲ್ಲ. ಪ್ರಥಮ ಪಿಯುಸಿಯ ಅರ್ಥಶಾಸ್ತ್ರದಲ್ಲಿ ಬರುವ ಸಂಖ್ಯಾಶಾಸ್ತ್ರದ ಪಾಠಗಳನ್ನು ರಜೆಯಲ್ಲಿ ಮತ್ತೆ ಬಿಡಿಸಬೇಕು. ಪ್ರತಿ ಪರಿಭಾಷೆಯನ್ನೂ ಕನ್ನಡ, ಇಂಗ್ಲಿಷ್ ಎರಡರಲ್ಲೂ ಬರೆದಿಟ್ಟುಕೊಳ್ಳಬೇಕು. ನಾಲ್ಕು ವರ್ಷದ ಆನರ್ಸ್ ಬಗ್ಗೆ ಅಪ್ಪ ಕೇಳಿದರು. 2021-22ರಲ್ಲಿ ಬಂದ ಆ ಪದ್ಧತಿಯನ್ನು ನಮ್ಮ ರಾಜ್ಯ 2024-25ರಿಂದ ಕೈಬಿಟ್ಟು ಮೂರು ವರ್ಷಕ್ಕೆ ಮರಳಿದೆ ಎಂದು ತಿಳಿಸಿದೆ.

"ಕೆಲಸ ಸಿಗುತ್ತಾ?" ಎಂಬುದು ಅಪ್ಪನ ಕೊನೆಯ ಪ್ರಶ್ನೆ. ಬಿಎ ಒಂದರಿಂದ ಪಿಡಿಒ (ಪಂಚಾಯತಿ ಅಭಿವೃದ್ಧಿ ಅಧಿಕಾರಿ), ಎಫ್‌ಡಿಎ (ಪ್ರಥಮ ದರ್ಜೆ ಸಹಾಯಕ) ತರಹದ ಪರೀಕ್ಷೆ ಬರೆಯಬಹುದು, ಪೈಪೋಟಿ ವಿಪರೀತ. ಪಿಯು ಉಪನ್ಯಾಸಕಿ ಆಗಲು ಎಂಎ ಜೊತೆ ಬಿಎಡ್ ಬೇಕು. ಡಿಗ್ರಿ ಕಾಲೇಜಿಗೆ ಎಂಎ ಜೊತೆ ಅಧ್ಯಾಪಕರ ಅರ್ಹತಾ ಪರೀಕ್ಷೆಗಳಾದ ನೆಟ್ (ರಾಷ್ಟ್ರಮಟ್ಟದ್ದು) ಅಥವಾ ಕೆಸೆಟ್ (ರಾಜ್ಯದ್ದು). ಭಾರತೀಯ ಆರ್ಥಿಕ ಸೇವೆಗೆ ಅರ್ಥಶಾಸ್ತ್ರದ ಸ್ನಾತಕೋತ್ತರ ಪದವಿಯೇ ಬೇಕು. ಐದಾರು ವರ್ಷ ಓದಿಸುವ ಮನಸ್ಸಿದೆಯಾ ಎಂದು ನಾನೇ ತಿರುಗಿ ಕೇಳಿದೆ. "ಹುಳ ಕೈಕೊಡದಿದ್ರೆ ಓದಿಸ್ತೀನಿ" ಎಂದರು.

ಮೊದಲ ಸೆಮಿಸ್ಟರ್‌ನಲ್ಲಿ ಅರ್ಥಶಾಸ್ತ್ರದ ಅಂಕ ಉಳಿದೆರಡಕ್ಕಿಂತ ಕಡಿಮೆ ಬಂತು. ವಿಷಯ ಬದಲಿಸಲೇ ಎಂದು ಫೋನ್ ಮಾಡಿದಳು. ಉತ್ತರ ಪತ್ರಿಕೆಯ ನಕಲು ತೆಗೆಸಿ ನೋಡು ಎಂದೆ. ಅಂಕ ಹೋದದ್ದು ರೇಖಾಚಿತ್ರ ಬಿಟ್ಟ ಉತ್ತರಗಳಲ್ಲಿ. ಸದ್ಯಕ್ಕೆ ಅದೇ ಕಾಂಬಿನೇಷನ್‌ನಲ್ಲಿದ್ದಾಳೆ. ಎಂಎಗೆ ಯಾವ ವಿಷಯ ಎನ್ನುವುದನ್ನು ಐದನೇ ಸೆಮಿಸ್ಟರ್‌ನಲ್ಲಿ ಕೂತು ನೋಡೋಣ ಎಂದಿದ್ದೇನೆ.