ಬೆಳಗಾವಿಗೆ ಶಿಫ್ಟ್ ಆಗಬಹುದಾ? ಆಗಿ, ಆದರೆ ನವೆಂಬರ್ ಒಂದಕ್ಕೆ ಬೇಡ

ಪುಣೆ ಬಾಡಿಗೆ ಸಾಕಾಗಿದೆ, ಕೆಲಸ ಮನೆಯಿಂದಲೇ, ಬೆಳಗಾವಿ ಅಗ್ಗ, ಆದರೆ ಗಡಿ ಗಲಾಟೆ ಇದೆಯಲ್ಲ ಅಂತ ಕೇಳಿದ್ದೀರಿ. 2022ರಲ್ಲಿ ನಾನೂ ಇದನ್ನೇ ಹತ್ತು ಜನರನ್ನು ಕೇಳಿದ್ದೆ. ಎಲ್ಲರೂ ಭಾಷಣ ಮಾಡಿದರು, ತಾರೀಕು ಮಾತ್ರ ಯಾರೂ ಹೇಳಲಿಲ್ಲ.

ನಾನು ಮೈಸೂರಿನವನು. ಪುಣೆಯಲ್ಲಿ ಎರಡು ಬೆಡ್‌ರೂಮಿಗೆ 24 ಸಾವಿರ ಕೊಡುತ್ತಿದ್ದೆ. ಬೆಳಗಾವಿಯ ಟಿಳಕವಾಡಿಯಲ್ಲಿ ಎರಡನೇ ರೈಲ್ವೆ ಗೇಟ್ ಹತ್ತಿರ ಮೇಲಿನ ಮನೆ 11 ಸಾವಿರಕ್ಕೆ ಸಿಕ್ಕಿತು. ಪುಣೆ ಮನೆ ಅಕ್ಟೋಬರ್ 31ಕ್ಕೆ ಖಾಲಿ ಮಾಡಬೇಕು, ಹೊಸ ಬಾಡಿಗೆ ಒಂದನೇ ತಾರೀಕಿನಿಂದ. ಸರಿ, ರಾತ್ರಿ ಸಾಮಾನು ತುಂಬಿಸಿ ನವೆಂಬರ್ 1ರ ಬೆಳಗ್ಗೆ ಇಳಿಸೋಣ ಅಂತ ಲೆಕ್ಕ ಹಾಕಿದೆ. ರಜೆ, ರಸ್ತೆ ಖಾಲಿ ಇರುತ್ತದೆ ಅಂತ ಖುಷಿ ಬೇರೆ! ಮೈಸೂರಿನಲ್ಲಿ ನಮಗೆ ರಾಜ್ಯೋತ್ಸವ ಅಂದರೆ ಬಾವುಟ ಹಾರಿಸಿ, ಲಾಡು ತಿಂದು, ಹತ್ತು ಗಂಟೆಗೆ ಮನೆ ಸೇರೋದು. ಇಲ್ಲಿ ಚನ್ನಮ್ಮ ಸರ್ಕಲ್‌ನಲ್ಲಿ ಕಾಲಿಡಲು ಜಾಗ ಇರಲ್ಲ, ಸುತ್ತಲಿನ ಊರುಗಳಿಂದೆಲ್ಲ ಜನ ಬರುತ್ತಾರೆ, ಡಿಜೆ, ಕುಣಿತ, ಮಧ್ಯರಾತ್ರಿ ದಾಟಿದರೂ ಮೆರವಣಿಗೆ ಮುಗಿಯಲ್ಲ. ಅದೇ ದಿನ ಬೆಳಗಾವಿ ಮಹಾರಾಷ್ಟ್ರಕ್ಕೆ ಸೇರಬೇಕು ಅನ್ನುವ ಎಂಇಎಸ್‌ನವರ ಕರಾಳ ದಿನಾಚರಣೆ. ಮಧ್ಯದಲ್ಲಿ ಪೊಲೀಸರು.

ಅಂಥ ದಿನಕ್ಕೆ ನಾನು ಬುಕ್ ಮಾಡಿದ್ದು ಮಹಾರಾಷ್ಟ್ರದ ಎಂಎಚ್ 12 ನಂಬರಿನ ಲಾರಿ.

ನಾನು ಹಿಂದಿನ ದಿನವೇ ಬಂದಿದ್ದೆ. ಡ್ರೈವರ್ ನಿಪ್ಪಾಣಿ ಹತ್ತಿರ ಧಾಬಾದಲ್ಲಿ ಗಾಡಿ ನಿಲ್ಲಿಸಿ, ಮಾಲೀಕ ಮುಂದೆ ಹೋಗಬೇಡ ಅಂದಿದ್ದಾನೆ ಅಂತ ಫೋನ್ ಮಾಡಿದ. ಬೈದೆ, ಬೇಡಿಕೊಂಡೆ, ಜಗ್ಗಲಿಲ್ಲ. ಹಾಲ್ಟಿಂಗ್ 3 ಸಾವಿರ. ಮರುದಿನವೂ ಊರೊಳಗೆ ಬರದೆ ಹೈವೇ ಪಕ್ಕದಲ್ಲೇ ಎಲ್ಲ ಇಳಿಸಿದ. ಇಲ್ಲಿನ ಟೆಂಪೊ, ಹಮಾಲರು ಸೇರಿ ಮತ್ತೆ 8 ಸಾವಿರ. ಒಂದು ತಿಂಗಳ ಬಾಡಿಗೆ ಹಾಗೇ ಹೋಯಿತು. ಫ್ರಿಜ್ ಬಾಗಿಲು ಈಗಲೂ ಮೊಣಕಾಲಿನಿಂದ ಒತ್ತಿದರಷ್ಟೇ ಮುಚ್ಚುತ್ತದೆ. ಮನೆ ಮಾಲಕಿ ಮರಾಠಿಯವರು. ಬರಿ ನೆಲದ ಮೇಲೆ ಕೂತವನಿಗೆ ಚಾಪೆ ಕೊಟ್ಟು, "ಕನ್ನಡದವ್ರಾಗಿ ನವೆಂಬರ್ ಒಂದು ಗೊತ್ತಿಲ್ಲೇನ್ರಿ?" ಅಂದರು. ಏನು ಹೇಳಲಿ.

ಅದಕ್ಕೇ ನಿಮ್ಮ ಪ್ರಶ್ನೆಯೇ ಸರಿಯಿಲ್ಲ ಅನ್ನುತ್ತೇನೆ. ಗಡಿ ವಿವಾದಕ್ಕೆ ಕೇಂದ್ರ ನೇಮಿಸಿದ್ದ ಮಹಾಜನ ಆಯೋಗದ ವರದಿ 1967ರಲ್ಲೇ ಬೆಳಗಾವಿ ಕರ್ನಾಟಕಕ್ಕೇ ಇರಲಿ ಅಂದಿತು, ಮಹಾರಾಷ್ಟ್ರ ಒಪ್ಪಲಿಲ್ಲ, 2004ರಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು. ನಿಮ್ಮ ಬಾಡಿಗೆ ಕರಾರು 11 ತಿಂಗಳದ್ದು. ಅದಕ್ಕೂ ಇದಕ್ಕೂ ಯಾಕೆ ಗಂಟು ಹಾಕುತ್ತೀರಿ? ದಿನಾ ಯಾರೂ ಇಲ್ಲಿ ಗಡಿ ಬಗ್ಗೆ ಮಾತಾಡಲ್ಲ. ಗಣಪತ್ ಗಲ್ಲಿಯಲ್ಲಿ ಕೊತ್ತಂಬರಿಗೆ ಮರಾಠಿಯಲ್ಲಿ ರೇಟ್ ಹೇಳುತ್ತಾರೆ, ನೀವು ಕನ್ನಡದಲ್ಲಿ ಚೌಕಾಸಿ ಮಾಡಿ ನೋಡಿ, ಅವರೂ ಕನ್ನಡದಲ್ಲೇ ಬೈಯುತ್ತಾರೆ.

ಗಲಾಟೆ ಆಗಲ್ಲ ಅಂತ ಸುಳ್ಳು ಹೇಳಲ್ಲ. ನಾನು ಬಂದ ಮುಂದಿನ ತಿಂಗಳೇ ಹಿರೇಬಾಗೇವಾಡಿ ಟೋಲ್ ಹತ್ತಿರ ಮಹಾರಾಷ್ಟ್ರದ ಲಾರಿಗಳಿಗೆ ಕಲ್ಲು ಬಿತ್ತು. ಮಾಲಕಿಯ ಮಗ ನನ್ನ ಎಂಎಚ್ ಸ್ಕೂಟರಿಗೆ ಸುಮ್ನೆ ಒಂದು ಹಳೇ ತಾಡಪತ್ರಿ ಹೊದಿಸಿದ, ಹದಿನೈದು ದಿನ ನಡೆದೇ ಓಡಾಡಿದೆ. 2025ರ ಫೆಬ್ರವರಿಯಲ್ಲಿ ಭಾಷೆ ವಿಷಯಕ್ಕೆ ಕಂಡಕ್ಟರ್ ಮೇಲೆ ಹಲ್ಲೆ ಆದಾಗ ಗಡಿ ದಾಟುವ ಬಸ್ಸುಗಳು ಕೆಲವು ದಿನ ನಿಂತವು. ಆದ್ದರಿಂದ ಮೊದಲು ಆಫೀಸಿನವರನ್ನು ಕೇಳಿ, ತಿಂಗಳಿಗೆ ಎಷ್ಟು ಸಲ ಪುಣೆಗೆ ಕರೆಯುತ್ತಾರೆ ಅಂತ. ಜಾಸ್ತಿ ಸಲ ಅಂದರೆ ಬರಬೇಡಿ. ಇಲ್ಲವಾ, ಬನ್ನಿ.

ಮನೆಯನ್ನು ಮಾತ್ರ ಜುಲೈನಲ್ಲಿ ನೋಡಿ. ಇಲ್ಲಿನ ಮಳೆಗೆ ಯಾವ ಗೋಡೆ ಒದ್ದೆಯಾಗುತ್ತದೆ ಅಂತ ಬೇಸಿಗೆಯಲ್ಲಿ ಗೊತ್ತಾಗಲ್ಲ. ಗಾಡಿಗೆ ಎನ್‌ಒಸಿ ತಂದು ಬೆಳಗಾವಿಯ ಕೆಎ 22 ನಂಬರ್ ಮಾಡಿಸಿಕೊಳ್ಳಿ, ತೆರಿಗೆ ನೋಡಿದರೆ ಹೊಟ್ಟೆ ಉರಿಯುತ್ತದೆ, ಆದರೂ ಕಟ್ಟಿ. ಲಾರಿ ಕೆಎ ನಂಬರಿನದೇ ಕೇಳಿ. ನವೆಂಬರ್ ಎರಡರ ಬೆಳಗ್ಗೆಗೂ ಬುಕ್ ಮಾಡಬೇಡಿ, ಹಮಾಲರು ರಾತ್ರಿಯೆಲ್ಲ ಕುಣಿದು ಮಲಗಿರುತ್ತಾರೆ.