ಮಾರ್ವೆಲ್ ಮನೆಯಲ್ಲಿ ಈಗಲೂ ಸ್ಪೈಡರ್‌ಮ್ಯಾನೇ ಮೊದಲಿಗ

ಓದುಗರ ಪತ್ರ:

"ಸಂಪಾದಕರಿಗೆ ನಮಸ್ಕಾರ. ನನ್ನ ಅಕ್ಕನ ಮಗ ಒಂಬತ್ತನೇ ಕ್ಲಾಸು. ಅವನಿಗೂ ನನಗೂ ದಿನಾ ಒಂದೇ ಜಗಳ. 'ಸ್ಪೈಡರ್‌ಮ್ಯಾನ್ ನಿಮ್ಮ ಕಾಲದವನು ಮಾಮಾ, ಈಗೇನಿದ್ದರೂ ಐರನ್ ಮ್ಯಾನ್, ವುಲ್ವರಿನ್' ಅಂತಾನೆ. ಕಾಮಿಕ್ಸ್ ಮಾರಾಟದ ಪಟ್ಟಿ ನೋಡಿದರೆ ಅಲ್ಲೂ ಎಷ್ಟೋ ತಿಂಗಳು ಅವನ ಪುಸ್ತಕ ಮೊದಲನೇ ಸ್ಥಾನದಲ್ಲಿ ಇರುವುದಿಲ್ಲ. ನಿಜ ಹೇಳಿ, ಮಾರ್ವೆಲ್‌ನವರಿಗೆ ಅವನು ಈಗಲೂ ನಂಬರ್ ಒನ್ ಹೌದೋ ಅಲ್ಲವೋ? ಹಾಗೇ ಈ ಹುಡುಗನಿಗೆ ಓದಲು ಏನು ಕೊಡಲಿ ಅಂತಲೂ ತಿಳಿಸಿ."
— ಧಾರವಾಡದ ಓದುಗರೊಬ್ಬರು

ಸಂಪಾದಕರ ಉತ್ತರ:

ಮಿತ್ರರೇ,

ಉತ್ತರ ಮೊದಲೇ ಹೇಳಿಬಿಡುತ್ತೇನೆ. ಹೌದು, ಈಗಲೂ ಅವನೇ. ಆದರೆ ನಿಮ್ಮ ಅಳಿಯನ ಮಾತಿನಲ್ಲೂ ಹುರುಳಿದೆ. ಅರವತ್ತು ವರ್ಷದಿಂದ ಸ್ಪೈಡರ್‌ಮ್ಯಾನ್ ಒಂದೇ ಸಮನೆ ಮೇಲೇ ಇದ್ದಾನೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ನಡುವೆ ಕೆಲವು ವರ್ಷ ಆ ಜಾಗ ಬೇರೆಯವರದ್ದಾಗಿತ್ತು.

ಅವನು ಬಂದಿದ್ದೇ ಹಿಂಬಾಗಿಲಿನಿಂದ. 1962ರಲ್ಲಿ 'ಅಮೇಜಿಂಗ್ ಫ್ಯಾಂಟಸಿ' ಎಂಬ ಪತ್ರಿಕೆ ಮುಚ್ಚುವುದರಲ್ಲಿತ್ತು. ಅದರ 15ನೇ ಸಂಚಿಕೆಯಲ್ಲಿ, ಅಂದರೆ ಕೊನೆಯ ಸಂಚಿಕೆಯಲ್ಲಿ, ಮಾರ್ವೆಲ್ ಕಾಮಿಕ್ಸ್ ಕಂಪನಿಯ ಬರಹಗಾರ ಸ್ಟಾನ್ ಲೀ ಮತ್ತು ಚಿತ್ರಕಾರ ಸ್ಟೀವ್ ಡಿಟ್ಕೊ ಸೇರಿ ಈ ಹುಡುಗನನ್ನು ತಂದರು. ಪ್ರಕಾಶಕ ಮಾರ್ಟಿನ್ ಗುಡ್‌ಮನ್‌ಗೆ ಇದು ಇಷ್ಟವೇ ಇರಲಿಲ್ಲ, ಜೇಡ ಕಂಡರೆ ಜನ ಅಸಹ್ಯಪಡುತ್ತಾರೆ ಎಂದಿದ್ದರು ಅಂತ ಸ್ಟಾನ್ ಲೀ ಎಷ್ಟೋ ಕಡೆ ಹೇಳಿಕೊಂಡಿದ್ದಾರೆ. ಹದಿಹರೆಯದ ಹುಡುಗ ನಾಯಕನ ಜೊತೆಗಾರನಾಗಬಹುದು, ನಾಯಕನೇ ಆಗುವುದು ಹೇಗೆ ಎನ್ನುವುದು ಆ ಕಾಲದ ಲೆಕ್ಕ. 12 ಸೆಂಟ್‌ಗೆ ಮಾರಿದ ಆ ಸಂಚಿಕೆಯ ಒಂದು ಪ್ರತಿ 2021ರ ಹರಾಜಿನಲ್ಲಿ 36 ಲಕ್ಷ ಡಾಲರ್‌ಗೆ ಹೋಯಿತು.

ಮರುವರ್ಷವೇ ಅವನ ಹೆಸರಿನ ಪತ್ರಿಕೆ ಶುರುವಾಯಿತು. ಆದರೂ ಆಗ ಮಾರ್ವೆಲ್‌ನ ಮನೆಮಗ ಅವನಲ್ಲ, ಫೆಂಟಾಸ್ಟಿಕ್ ಫೋರ್ ತಂಡ. 1966ರಲ್ಲಿ ಡಿಟ್ಕೊ ಬಿಟ್ಟುಹೋದರು, ಜಾನ್ ರೊಮಿಟಾ ಬಂದರು. ಮುಖವಾಡದ ಹಿಂದಿನ ಹುಡುಗ ಪೀಟರ್ ಪಾರ್ಕರ್ ಸ್ವಲ್ಪ ಚೆಂದವಾದ, ಮುಂದೆ ಅವನ ಕೈಹಿಡಿಯುವ ಮೇರಿ ಜೇನ್ ಬಂದಳು, ಕಾಲೇಜಿನ ಗೆಳೆಯರ ಬಳಗ ಬೆಳೆಯಿತು. ಆ ಹೊತ್ತಿಗೆ ಅವನ ಪುಸ್ತಕ ಮನೆಯ ಉಳಿದೆಲ್ಲ ಪುಸ್ತಕಗಳನ್ನು ದಾಟಿತು. ಅಮೆರಿಕದಲ್ಲಿ ಅಂಚೆ ರಿಯಾಯಿತಿ ಪಡೆಯುವ ಪತ್ರಿಕೆಗಳು ವರ್ಷಕ್ಕೊಮ್ಮೆ ತಮ್ಮ ಸರಾಸರಿ ಮಾರಾಟವನ್ನು ಪತ್ರಿಕೆಯಲ್ಲೇ ಅಚ್ಚು ಹಾಕಬೇಕಿತ್ತು. ಆ ಲೆಕ್ಕದಲ್ಲಿ 1968ರ ಹೊತ್ತಿಗೆ ಪ್ರತಿ ಸಂಚಿಕೆ ಸುಮಾರು 3 ಲಕ್ಷ 70 ಸಾವಿರ ಪ್ರತಿ. ಎದುರು ಮನೆ, ಅಂದರೆ ಪೈಪೋಟಿಯ ಕಾಮಿಕ್ಸ್ ಕಂಪನಿ ಡಿಸಿಯ ಸೂಪರ್‌ಮ್ಯಾನ್ ಆಗಲೂ ಅದಕ್ಕಿಂತ ಜಾಸ್ತಿ ಮಾರುತ್ತಿದ್ದ. ಆದರೆ ಸ್ವಂತ ಮನೆಯಲ್ಲಿ ಇವನೇ ಮೊದಲಿಗ.

ಈಗ ನಿಮ್ಮ ಅಳಿಯನಿಗೆ ಸಲ್ಲಬೇಕಾದ ಮಾತು. 1980ರ ದಶಕದ ನಡುವಿನಿಂದ 90ರ ದಶಕದವರೆಗೆ ಕಾಮಿಕ್ಸ್ ಅಂಗಡಿಗಳಲ್ಲಿ ಆಳಿದ್ದು ಮಾರ್ವೆಲ್ ಮನೆಯದೇ ಇನ್ನೊಂದು ತಂಡ ಎಕ್ಸ್-ಮೆನ್. ವುಲ್ವರಿನ್ ಆ ತಂಡದ ಮುಖವಾಗಿದ್ದ. 1990ರಲ್ಲಿ ಟಾಡ್ ಮೆಕ್‌ಫಾರ್ಲೇನ್ ಬರೆದು ಬಿಡಿಸಿದ ಸ್ಪೈಡರ್‌ಮ್ಯಾನ್ ಹೊಸ ಸರಣಿಯ ಮೊದಲ ಸಂಚಿಕೆ ಸುಮಾರು 25 ಲಕ್ಷ ಪ್ರತಿ ಹೋಯಿತು. ದೊಡ್ಡ ಸುದ್ದಿಯೇ ಅದು. ಮರುವರ್ಷ ಎಕ್ಸ್-ಮೆನ್ ಹೊಸ ಸರಣಿಯ ಮೊದಲ ಸಂಚಿಕೆ 80 ಲಕ್ಷ ದಾಟಿತು! ಆ 80 ಲಕ್ಷವೂ ಓದುಗರಲ್ಲ ಅನ್ನಿ. ಒಂದೇ ಸಂಚಿಕೆಗೆ ಐದು ಬೇರೆ ಬೇರೆ ಮುಖಪುಟ. ಮುಂದೆ ಬೆಲೆ ಬರುತ್ತದೆ ಅಂತ ಜನ ಕಟ್ಟುಗಟ್ಟಲೆ ಕೊಂಡು ಪ್ಲಾಸ್ಟಿಕ್ ಚೀಲದಲ್ಲಿ ಇಟ್ಟರು. ಆ ಹುಚ್ಚನ್ನು ಕಳೆದರೂ ಆ ವರ್ಷಗಳಲ್ಲಿ ಅವರ ಪುಸ್ತಕವೇ ಮುಂದಿತ್ತು. ಇದನ್ನು ಒಪ್ಪಲೇಬೇಕು.

ಸಾಲದ್ದಕ್ಕೆ 1994ರಿಂದ 96ರವರೆಗೆ ಮಾರ್ವೆಲ್‌ನವರೇ ತಮ್ಮ ಹುಡುಗನ ಮೇಲೆ ಕಲ್ಲು ಹಾಕಿಕೊಂಡರು. ನೀವು ಇಷ್ಟು ವರ್ಷ ಓದಿದ ಪೀಟರ್ ಒಂದು ತದ್ರೂಪಿ, ಅಸಲಿ ಪೀಟರ್ ಬೇರೆ ಇದ್ದಾನೆ ಎಂದು ಕಥೆ ಹೊರಳಿಸಿದರು. ಓದುಗರು ರೊಚ್ಚಿಗೆದ್ದರು. ಕೊನೆಗೆ ಇಲ್ಲ, ಹಳೆಯವನೇ ಅಸಲಿ ಅಂತ ಕಥೆಯನ್ನು ವಾಪಸ್ ತಿರುಗಿಸಬೇಕಾಯಿತು. ನನಗೆ ಇದರಲ್ಲಿ ಕಾಣುವುದು ಅವನ ಬಲ. ಇಷ್ಟವಿಲ್ಲದವನ ಬಗ್ಗೆ ಯಾರೂ ಅಷ್ಟು ಸಿಟ್ಟಾಗುವುದಿಲ್ಲ, ಅಲ್ವಾ?

ಐರನ್ ಮ್ಯಾನ್ ವಿಷಯಕ್ಕೆ ಬರೋಣ. 1996ರ ಕೊನೆಯಲ್ಲಿ ಮಾರ್ವೆಲ್ ಕಂಪನಿ ದಿವಾಳಿ ಅರ್ಜಿ ಹಾಕಿತು. ಆ ಆಸುಪಾಸಿನ ವರ್ಷಗಳಲ್ಲಿ ಸಿನಿಮಾ ಹಕ್ಕುಗಳು ಒಂದೊಂದಾಗಿ ಹೊರಗೆ ಹೋದವು. ಎಕ್ಸ್-ಮೆನ್ ಫಾಕ್ಸ್‌ಗೆ, ಸ್ಪೈಡರ್‌ಮ್ಯಾನ್ ಸೋನಿಗೆ. ಕೊಳ್ಳುವವರು ಮೊದಲು ಕೇಳಿದ್ದು ಹೆಸರಿದ್ದವರನ್ನೇ. 2005ರಲ್ಲಿ ಮಾರ್ವೆಲ್ ತಾನೇ ಸಿನಿಮಾ ಮಾಡಲು ಹೊರಟು 52.5 ಕೋಟಿ ಡಾಲರ್ ಸಾಲದ ವ್ಯವಸ್ಥೆ ಮಾಡಿಕೊಂಡಿತು. ಆಗ ಅಡವಿಟ್ಟದ್ದು ಕ್ಯಾಪ್ಟನ್ ಅಮೆರಿಕ, ಬ್ಲ್ಯಾಕ್ ಪ್ಯಾಂಥರ್, ಆಂಟ್-ಮ್ಯಾನ್, ಡಾಕ್ಟರ್ ಸ್ಟ್ರೇಂಜ್ ಮುಂತಾದವರ ಹಕ್ಕುಗಳನ್ನು. ಸ್ಪೈಡರ್‌ಮ್ಯಾನ್ ಅಡವಿಡಲು ಕೈಯಲ್ಲಿ ಇರಲೇ ಇಲ್ಲ. ನಿಮ್ಮ ಅಳಿಯ ನೋಡಿ ಬೆಳೆದ ಆ ಇಡೀ ಸಿನಿಮಾ ಲೋಕ ಎದ್ದು ನಿಂತಿದ್ದು ಉಳಿದವರಿಂದ.

2008ರಲ್ಲಿ ಐರನ್ ಮ್ಯಾನ್ ಬಂದ. ರಾಬರ್ಟ್ ಡೌನಿ ಜೂನಿಯರ್ ಆ ಪಾತ್ರಕ್ಕೆ ಜೀವ ತುಂಬಿದರು. ಅದಕ್ಕೆ ಮೊದಲು ನಲವತ್ತೈದು ವರ್ಷ ಟೋನಿ ಸ್ಟಾರ್ಕ್, ಅಂದರೆ ಐರನ್ ಮ್ಯಾನ್ ಕವಚದೊಳಗಿನವ, ಎರಡನೇ ಸಾಲಿನವನಾಗಿದ್ದ. 2019ರಲ್ಲಿ ಅವನು ಪರದೆಯ ಮೇಲೆ ಸತ್ತಾಗ ಜಗತ್ತು ಅತ್ತಿದ್ದು ನಿಜ. ಆದರೆ ಆಮೇಲೇನಾಯಿತು ನೋಡಿ. 2024ರಲ್ಲಿ ಮಾರ್ವೆಲ್ ಅದೇ ನಟನನ್ನು ವಾಪಸ್ ಕರೆತರುವುದಾಗಿ ಘೋಷಿಸಿತು. ಐರನ್ ಮ್ಯಾನ್ ಆಗಿ ಅಲ್ಲ, ಖಳನಾಯಕ ಡಾಕ್ಟರ್ ಡೂಮ್ ಆಗಿ. ಮುಖ ಬೇಕಿತ್ತು, ಕವಚ ಹೊಸದಾದರೂ ನಡೆಯುತ್ತಿತ್ತು. ಸ್ಪೈಡರ್‌ಮ್ಯಾನ್‌ನದು ಇದಕ್ಕೆ ತದ್ವಿರುದ್ಧ. ಟೋಬಿ ಮೆಗ್ವಾಯರ್, ಆಂಡ್ರ್ಯೂ ಗಾರ್‌ಫೀಲ್ಡ್, ಟಾಮ್ ಹಾಲೆಂಡ್ ಎಂದು ನಟರು ಬದಲಾಗುತ್ತಲೇ ಹೋದರು, ಜನ ಬರುತ್ತಲೇ ಇದ್ದರು. 2021ರ ಡಿಸೆಂಬರ್‌ನಲ್ಲಿ, ಕೋವಿಡ್ ಭಯ ಇನ್ನೂ ಪೂರ್ತಿ ಹೋಗದಿದ್ದಾಗ, ಮೂವರೂ ಒಂದೇ ಚಿತ್ರದಲ್ಲಿ ಬಂದರು. ಆ ಚಿತ್ರ ಜಗತ್ತಿನಾದ್ಯಂತ 190 ಕೋಟಿ ಡಾಲರ್‌ನಷ್ಟು ಗಳಿಸಿತು.

ಟಿಕೆಟ್ ದುಡ್ಡು ಮಾತ್ರ ನೋಡಿದರೂ ಪೂರ್ತಿ ಚಿತ್ರ ಸಿಗುವುದಿಲ್ಲ. ಆಟಿಕೆ, ಬಟ್ಟೆ, ಚೀಲದ ಲೆಕ್ಕ ನೋಡಬೇಕು. 2014ರಲ್ಲಿ ಪ್ರಕಟವಾದ ಒಂದು ವ್ಯಾಪಾರ ಲೆಕ್ಕದ ಪ್ರಕಾರ ಹಿಂದಿನ ವರ್ಷ ಸ್ಪೈಡರ್‌ಮ್ಯಾನ್ ಹೆಸರಿನ ವಸ್ತುಗಳು ಸುಮಾರು 130 ಕೋಟಿ ಡಾಲರ್‌ಗೆ ಮಾರಿದ್ದವು. ಅದೇ ಲೆಕ್ಕದಲ್ಲಿ ಬ್ಯಾಟ್‌ಮ್ಯಾನ್ ಸುಮಾರು 49 ಕೋಟಿ. ಐರನ್ ಮ್ಯಾನ್ ಇರುವ ಅವೆಂಜರ್ಸ್ ಇಡೀ ತಂಡಕ್ಕೆ ಸುಮಾರು 32 ಕೋಟಿ. ಇದು ಅವೆಂಜರ್ಸ್ ಮೊದಲ ಚಿತ್ರ ಬಂದು ಗೆದ್ದ ಮರುವರ್ಷದ ಮಾತು ಅನ್ನುವುದು ನೆನಪಿರಲಿ. ಅಲ್ಲಿಂದೀಚೆಗೆ ವಿಡಿಯೊ ಗೇಮ್ ಬೇರೆ ಸೇರಿಕೊಂಡಿದೆ. 2018ರ ಸ್ಪೈಡರ್‌ಮ್ಯಾನ್ ಗೇಮ್ ಎರಡೇ ವರ್ಷದಲ್ಲಿ 2 ಕೋಟಿ ಪ್ರತಿ ದಾಟಿತು. ನಮ್ಮ ಊರಿನ ಜಾತ್ರೆಗೆ ಹೋದರೂ ಸಾಕು. ಪ್ಲಾಸ್ಟಿಕ್ ಮುಖವಾಡ ತೂಗುಹಾಕಿದ ಅಂಗಡಿಯಲ್ಲಿ ಕೆಂಪು ಬಣ್ಣ, ಕಪ್ಪು ಬಲೆಯ ಆ ಮುಖ ಇದ್ದೇ ಇರುತ್ತದೆ. ಆ ಮಾರಾಟ ಯಾವ ಕಂಪನಿಯ ಲೆಕ್ಕಕ್ಕೂ ಸಿಗುವುದಿಲ್ಲ.

ನೀವು ನೋಡಿದ ಮಾಸಿಕ ಪಟ್ಟಿಯ ಬಗ್ಗೆ ಒಂದು ಮಾತು. ಅದು ಸುಳ್ಳೇನಲ್ಲ. ಆದರೆ ಅಂಥ ಪಟ್ಟಿಗಳಲ್ಲಿ ಬಹುಪಾಲು ಹೇಳುವುದು ಅಂಗಡಿಯವರು ಎಷ್ಟು ಪ್ರತಿ ತರಿಸಿದರು ಅಂತ. ಹೊಸ ಸರಣಿಯ ಮೊದಲ ಸಂಚಿಕೆ, ಹತ್ತಾರು ಬಗೆಯ ಮುಖಪುಟ ಇದ್ದರೆ ಯಾವ ಪುಸ್ತಕವಾದರೂ ಒಂದು ತಿಂಗಳು ಮೇಲೆ ಏರುತ್ತದೆ. ಅವನ ಮುಖ್ಯ ಪತ್ರಿಕೆ ಎಷ್ಟೋ ವರ್ಷಗಳಿಂದ ತಿಂಗಳಿಗೆ ಎರಡು ಸಲ ಬರುತ್ತಿದೆ. ಆ ವೇಗ ಎಲ್ಲರಿಗೂ ತಾಳುವುದಿಲ್ಲ.

ಇಷ್ಟೆಲ್ಲ ಅಂಕಿ ಹೇಳಿದೆ, ಆದರೆ ನನ್ನನ್ನು ಅವನ ಕಡೆ ಎಳೆದದ್ದು ಅಂಕಿಯಲ್ಲ. ಅವನ ಪತ್ರಿಕೆಯ 1966ರ 33ನೇ ಸಂಚಿಕೆಯ ಮೊದಲ ಪುಟಗಳನ್ನು ಸಾಧ್ಯವಾದರೆ ನೋಡಿ. ಪೀಟರ್‌ನನ್ನು ಸಾಕಿದ ದೊಡ್ಡಮ್ಮ ಮೇ ಆಸ್ಪತ್ರೆಯಲ್ಲಿ ಸಾಯುವ ಸ್ಥಿತಿಯಲ್ಲಿದ್ದಾರೆ. ಹಿಂದೊಮ್ಮೆ ಇವನೇ ಕೊಟ್ಟ ರಕ್ತದಿಂದ ಅವರ ಮೈಗೆ ವಿಷ ಏರಿದೆ. ಔಷಧಿಯ ಡಬ್ಬಿ ಕಣ್ಣೆದುರಿಗೇ ಬಿದ್ದಿದೆ, ಕೈಗೆ ಎಟುಕುತ್ತಿಲ್ಲ. ಇವನ ಬೆನ್ನ ಮೇಲೆ ಮನೆಯಷ್ಟು ದೊಡ್ಡ ಯಂತ್ರ ಕುಸಿದಿದೆ. ಜಾಗ ನೀರಿನಡಿಯ ಅಡಗುತಾಣ, ಮೇಲಿನಿಂದ ನೀರು ಸೋರುತ್ತಿದೆ. ಡಿಟ್ಕೊ ಅವಸರ ಮಾಡುವುದಿಲ್ಲ. ಪುಟದ ಮೇಲೆ ಪುಟ ಬರೀ ಎತ್ತುವ ಪ್ರಯತ್ನ. ಒಮ್ಮೆ ಆಗುವುದಿಲ್ಲ, ತಲೆ ಕೆಳಗೆ ಬೀಳುತ್ತದೆ. ದೊಡ್ಡಪ್ಪ ಬೆನ್ ಸತ್ತಿದ್ದು ನೆನಪಾಗುತ್ತದೆ. ಮತ್ತೆ ಎತ್ತುತ್ತಾನೆ. ಚೌಕಗಳು ಒಂದೊಂದಾಗಿ ದೊಡ್ಡದಾಗುತ್ತ ಹೋಗಿ, ಕೊನೆಗೆ ಇಡೀ ಪುಟವೇ ಒಂದು ಚಿತ್ರ. ಯಂತ್ರ ಮೇಲೆದ್ದಿದೆ. ಆ ಪುಟಗಳಲ್ಲಿ ಅವನ ಎದುರು ಒಬ್ಬ ಶತ್ರುವೂ ಇಲ್ಲ. ಮನೆಯವರಿಗಾಗಿ ಒದ್ದಾಡುವ ಹುಡುಗ ಒಬ್ಬನೇ. ಇದಕ್ಕೆ ಸಾಟಿಯಾದ ಪುಟಗಳನ್ನು ಮಾರ್ವೆಲ್‌ನಲ್ಲಿ ನಾನು ಕಂಡಿಲ್ಲ.

ಅವನ ಮುಖವಾಡ ನೋಡಿ. ಬ್ಯಾಟ್‌ಮ್ಯಾನ್‌ನ ಗದ್ದ ಕಾಣುತ್ತದೆ, ಸೂಪರ್‌ಮ್ಯಾನ್‌ಗೆ ಮುಖವಾಡವೇ ಇಲ್ಲ. ಇವನದು ಮೈಯೆಲ್ಲ ಮುಚ್ಚಿದ ವೇಷ. ಒಳಗೆ ಯಾರೂ ಇರಬಹುದು, ಯಾವ ಮೈಬಣ್ಣವೂ ಇರಬಹುದು. ಅದೇ ಅವನನ್ನು ಉಳಿಸಿದೆ ಎಂದು ಸ್ಟಾನ್ ಲೀ ಕೂಡ ಹೇಳುತ್ತಿದ್ದರು. 2011ರಲ್ಲಿ ಬ್ರೂಕ್ಲಿನ್‌ನ ಮೈಲ್ಸ್ ಮೊರಾಲೆಸ್ ಬಂದ. ತಂದೆ ಆಫ್ರಿಕನ್ ಅಮೆರಿಕನ್, ತಾಯಿ ಪೋರ್ಟೊ ರಿಕೊ ಮೂಲದವರು. ಅವನನ್ನು ನಾಯಕನನ್ನಾಗಿ ಮಾಡಿದ 2018ರ ಅನಿಮೇಶನ್ ಚಿತ್ರಕ್ಕೆ ಆಸ್ಕರ್ ಬಂತು. ಅದಕ್ಕೂ ಮುಂಚೆ 2004ರಲ್ಲೇ ಶರದ್ ದೇವರಾಜನ್, ಸುರೇಶ್ ಸೀತಾರಾಮನ್, ಜೀವನ್ ಕಾಂಗ್ ಸೇರಿ ಪವಿತ್ರ್ ಪ್ರಭಾಕರ್ ಎಂಬ ಭಾರತದ ಸ್ಪೈಡರ್‌ಮ್ಯಾನ್‌ನನ್ನು ಮಾಡಿದ್ದರು. ಮುಂಬೈಯ ಹುಡುಗ, ಧೋತಿ ಉಟ್ಟ ವೇಷ. 2023ರ ಅನಿಮೇಶನ್ ಚಿತ್ರದಲ್ಲಿ ಅವನೂ ಬಂದ. ಭಾರತದಲ್ಲಿ ಅದು ಹತ್ತು ಭಾಷೆಗಳಲ್ಲಿ ಬಿಡುಗಡೆಯಾಯಿತು, ಕನ್ನಡವೂ ಒಂದು. ಸ್ಪೈಡರ್‌ಮ್ಯಾನ್ ಕನ್ನಡ ಮಾತಾಡಿದ್ದು ನನಗೆ ಬಹಳ ಖುಷಿ ಕೊಟ್ಟ ಸಂಗತಿ.

ಇಲ್ಲೇ ಇನ್ನೊಂದು ಪ್ರಶ್ನೆ ಏಳುತ್ತದೆ. ಮಕ್ಕಳು ಈಗ ಇಷ್ಟಪಡುವುದು ಪೀಟರ್‌ನನ್ನೋ, ಆ ವೇಷವನ್ನೋ? ಶಾಲೆಯ ಛದ್ಮವೇಷಕ್ಕೆ ನಿಂತ ಐದು ವರ್ಷದ ಮಗು ಮೈಲ್ಸ್‌ನ ಹೆಸರನ್ನೇ ಹೇಳಬಹುದು. ನನಗೆ ಅದರಿಂದ ಬೇಸರವಿಲ್ಲ. ಮೈಲ್ಸ್‌ಗೂ ಮನೆ ಇದೆ, ಪರೀಕ್ಷೆ ಇದೆ, ಅಪ್ಪ ಅಮ್ಮನಿಗೆ ಹೇಳಲಾಗದ ಗುಟ್ಟು ಇದೆ. ಅದು ಪೀಟರ್‌ನ ಗುಣವೇ.

ಬೇಸರ ಇರುವುದು ಪ್ರಕಾಶಕರ ಮೇಲೆ. ಜನಪ್ರಿಯ ಅನ್ನುವ ಕಾರಣಕ್ಕೇ ಪೀಟರ್‌ಗೆ ಅವರು ವಯಸ್ಸಾಗಲು ಬಿಡುತ್ತಿಲ್ಲ. 1987ರಲ್ಲಿ ಅವನಿಗೂ ಮೇರಿ ಜೇನ್‌ಗೂ ಮದುವೆ ಮಾಡಿದರು. ಇಪ್ಪತ್ತು ವರ್ಷ ಓದುಗರು ಆ ಸಂಸಾರದ ಜೊತೆ ಬಾಳಿದರು. 2007ರಲ್ಲಿ, ದೊಡ್ಡಮ್ಮನ ಜೀವ ಉಳಿಸಲು ಮೆಫಿಸ್ಟೊ ಎಂಬ ಸೈತಾನನ ಜೊತೆ ಒಪ್ಪಂದ ಮಾಡಿಸಿ ಆ ಮದುವೆ ನಡೆದೇ ಇಲ್ಲ ಅನ್ನುವಂತೆ ಅಳಿಸಿಹಾಕಿದರು. ಮದುವೆಯಾದವನು ಮುದುಕನ ಹಾಗೆ ಕಾಣುತ್ತಾನೆ ಅನ್ನುವುದು ಅವರ ಭಯ. ನನ್ನ ಪ್ರಕಾರ ಅದು ದೊಡ್ಡ ತಪ್ಪು. ಯಾಕೆಂದರೆ 2024ರ ಜನವರಿಯಲ್ಲಿ ಜೊನಾಥನ್ ಹಿಕ್‌ಮನ್ ಮತ್ತು ಚಿತ್ರಕಾರ ಮಾರ್ಕೊ ಕೆಕೆಟ್ಟೊ ಬೇರೊಂದು ಲೋಕದ ಸ್ಪೈಡರ್‌ಮ್ಯಾನ್ ಕಥೆ ಶುರು ಮಾಡಿದರು. ಅಲ್ಲಿ ಪೀಟರ್‌ಗೆ ಮೂವತ್ತು ದಾಟಿದೆ. ಹೆಂಡತಿ ಮೇರಿ ಜೇನ್, ಇಬ್ಬರು ಮಕ್ಕಳು. ಮೊದಲ ಸಂಚಿಕೆ ಮತ್ತೆ ಮತ್ತೆ ಮುದ್ರಣ ಕಂಡಿತು. ಸಂಸಾರಸ್ಥ ಪೀಟರ್‌ನನ್ನು ಓದಲು ಜನ ಕಾದು ಕೂತಿದ್ದರು.

ಹುಡುಗನಿಗೆ ಏನು ಕೊಡಲಿ ಅಂತ ಕೇಳಿದ್ದೀರಿ. 'ಅಮೇಜಿಂಗ್ ಸ್ಪೈಡರ್‌ಮ್ಯಾನ್' 31ರಿಂದ 33ರವರೆಗಿನ ಮೂರು ಸಂಚಿಕೆ ಮೊದಲು ಕೊಡಿ. ಯಂತ್ರ ಎತ್ತುವ ಕಥೆ ಅಲ್ಲೇ ಇದೆ, ಸಂಗ್ರಹ ಪುಸ್ತಕಗಳಲ್ಲಿ ಸಿಗುತ್ತದೆ. ಮಾತು ಸ್ವಲ್ಪ ಜಾಸ್ತಿ ಅನ್ನಿಸಬಹುದು, ಆ ಕಾಲದ ರೀತಿ ಅದು. ಅದು ಹಿಡಿಸಿದರೆ ಹಿಕ್‌ಮನ್ ಅವರ ಸರಣಿ ನೀವಿಬ್ಬರೂ ಸೇರಿ ಓದಿ. ಅದರಲ್ಲಿ ಪೀಟರ್‌ನ ವಯಸ್ಸು ನಿಮಗೆ ಹತ್ತಿರ. ಅದಾದ ಮೇಲೂ ಅವನು ವುಲ್ವರಿನ್ ಕಡೆಗೇ ವಾಲಿದರೆ ಬಲವಂತ ಮಾಡಬೇಡಿ. ಕಾರಣ ಏನು ಅಂತ ಅವನ ಕೈಯಲ್ಲೇ ಬರೆಸಿ ಕಳಿಸಿ. ಮುಂದಿನ ಸಂಚಿಕೆಯ ಪತ್ರಗಳ ಪುಟದಲ್ಲಿ ಅದಕ್ಕೆ ಜಾಗ ಇಟ್ಟಿರುತ್ತೇವೆ.

— ಸಂಪಾದಕ